ಓದದ ತೀರ್ಪಿನ ಇಪ್ಪತ್ತೇಳನೇ ಪ್ಯಾರಾ

ನಾನು ನಿಂತಿದ್ದು ನಮ್ಮ ತಾಲ್ಲೂಕಿನ ಕೋರ್ಟ್ ಹಾಲಿನಲ್ಲಿ, ವಕೀಲರ ಉದ್ದನೆಯ ಮೇಜಿನ ಎಡತುದಿಯಲ್ಲಿ, ಕಿಟಕಿಯಿಂದ ಎರಡು ಹೆಜ್ಜೆ ಈಚೆ. ಅರೇಬಿಕಾ ಕಾಫಿ ಹಣ್ಣಾಗುವ ಕಾಲದ ಒಂದು ಮಂಗಳವಾರ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತಾಗಿತ್ತು. ಆ ಗಡಿಯಾರ ನಾಲ್ಕು ನಿಮಿಷ ಮುಂದಿದೆ ಎಂಬುದು ಅಲ್ಲಿಗೆ ಬಂದುಹೋಗುವ ಎಲ್ಲರಿಗೂ ಗೊತ್ತು, ಆದ್ದರಿಂದ ಹನ್ನೊಂದು ಹದಿನಾರು ಎಂದಿಟ್ಟುಕೊಳ್ಳಿ. ನನ್ನ ಬಲಗೈ ಫೈಲಿನ ಮೇಲಿತ್ತು. ಎಡಗೈ ಎಲ್ಲಿತ್ತೋ ನೆನಪಿಲ್ಲ. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯುತ್ತೇನೆ. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಹತ್ತು ದಿನ ಮೊದಲು ಇದೇ ಎಚ್ಚರವನ್ನು ನಾನು ಒಂದು ಕಡೆ ತೋರಿಸಬೇಕಿತ್ತು, ತೋರಿಸಲಿಲ್ಲ. ತಪ್ಪು ಮಾಡಿ ನಾಚುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಒಂದು ತಪ್ಪನ್ನು ಮಾಡಬೇಡಿ ಎಂದು ಊರಿನ ವಕೀಲರನ್ನೆಲ್ಲ ಕೂರಿಸಿಕೊಂಡು ಒಂದೂವರೆ ಗಂಟೆ ಉಪನ್ಯಾಸ ಕೊಟ್ಟು, ಚಹಾ ಕುಡಿದು, ಹಾರ ಹಾಕಿಸಿಕೊಂಡು, ಅದೇ ತಪ್ಪನ್ನು ಮುಂದಿನ ವಾರ ತಾನೇ ಮಾಡಿ ನಾಚಿದವನು ಈ ಕಡೆ ನಾನೊಬ್ಬನೇ ಇರಬೇಕು.

ನಾನು ಮೂವತ್ತೊಂದು ವರ್ಷದಿಂದ ವಕೀಲ. ಮನೆ ಬಣಕಲ್‌ನಲ್ಲಿ, ಹೆದ್ದಾರಿಯ ಪಕ್ಕ. ಜಗಲಿಯ ಒಂದು ಕೋಣೆಯೇ ಆಫೀಸು. ಬೇಲಿ ಸರಿಸಿದ್ದು, ಹಳ್ಳದ ನೀರು ತಿರುಗಿಸಿದ್ದು, ಗಡಿಯ ಸಿಲ್ವರ್ ಓಕ್ ಮರ ಯಾರದು ಎಂಬುದು, ಇಂಥವೇ ನನ್ನ ಬಳಿ ಬರುವ ಕೇಸುಗಳು. ಒಂದು ಮರಕ್ಕಾಗಿ ಹದಿನೇಳು ವರ್ಷ ಹೋರಾಡಿ, ಕೊನೆಗೆ ಮರವೇ ಗಾಳಿಗೆ ಬಿದ್ದು ಎರಡೂ ಕಡೆಯವರ ಗಿಡಗಳನ್ನು ಸಮಾನವಾಗಿ ಹಾಳುಮಾಡಿದ ಕೇಸೊಂದನ್ನೂ ನಾನು ನಡೆಸಿದ್ದೇನೆ. ಹೀಗೆ ಇದ್ದವನನ್ನು ಕೆನಡಾ ಹಿಡಿದದ್ದು ನನ್ನ ಜೊತೆ ಕಾನೂನು ಓದಿದ ಸದಾನಂದನ ಮೂಲಕ. ಅವನು ಅಲ್ಲಿ ವಕೀಲ. ಮೂರು ವರ್ಷದ ಹಿಂದೆ ಫೋನಿನಲ್ಲಿ, “ನಿನಗೆ ಬೇಲಿ ಜಗಳ ಚೆನ್ನಾಗಿ ಗೊತ್ತಲ್ಲ ಮಾರಾಯ. ಇಲ್ಲೂ ಅದೇ. ಜನ ಕೋಟು ಹಾಕ್ಕೊಂಡಿರ್ತಾರೆ ಅಷ್ಟೇ,” ಎಂದ. ಅವನು ಕಳಿಸುವ ಪ್ರಶ್ನೆಗೆ ಅಲ್ಲಿನ ತೀರ್ಪುಗಳನ್ನು ಹುಡುಕಿ, ಓದಿ, ನಾಲ್ಕು ಪುಟದ ಟಿಪ್ಪಣಿ ಬರೆದು ಸಂಜೆಯೊಳಗೆ ಕಳಿಸುವುದು ನನ್ನ ಕೆಲಸವಾಯಿತು. ಅವನು ಎದ್ದು ಹಲ್ಲುಜ್ಜುವ ಹೊತ್ತಿಗೆ ಅದು ಅವನ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಬಣಕಲ್ ಬಸ್ ನಿಲ್ದಾಣದಲ್ಲಿ ನನ್ನನ್ನು ‘ಕೆನಡಾ ವಕೀಲ್ರು’ ಎಂದು ಕರೆಯಲು ಶುರುಮಾಡಿದರು. ನಾನು ಬೇಡ ಎನ್ನಲಿಲ್ಲ. ಒಂದು ಸಲ ಬೇಡ ಎಂದೆ, ಆದರೆ ಅವರಿಗೆ ಕೇಳಿಸದಷ್ಟು ಮೆತ್ತಗೆ.

ಕೆಲಸ ಶುರುಮಾಡುವ ಮೊದಲು ಸದಾನಂದ ಎರಡು ಹಾಳೆಯ ಒಂದು ಪದಪಟ್ಟಿ ಕಳಿಸಿದ್ದ. ಅಲ್ಲಿನ ವಕೀಲರು ಹುಡುಕುವಾಗ, ಬರೆಯುವಾಗ ಬಳಸುವ ಮಾತುಗಳು. ಅರ್ಧದಷ್ಟು ನಮಗೂ ಗೊತ್ತಿರುವವೇ, ವೇಷ ಬೇರೆ. ನಾವು ಲಿಖಿತ ವಾದ ಎನ್ನುವುದನ್ನು ಅಲ್ಲಿ ಫ್ಯಾಕ್ಟಮ್ ಎನ್ನುತ್ತಾರೆ. ಕೇಸಿನ ಹೆಸರಿಗೆ ಸ್ಟೈಲ್ ಆಫ್ ಕಾಜ್. ಇಬ್ಬರ ಹೆಸರಿನ ನಡುವೆ ‘ವಿ’ ಅಕ್ಷರ ಬರೆದು, ಸಿವಿಲ್ ಕೇಸಾದರೆ ಬಾಯಲ್ಲಿ ಓದುವಾಗ ‘ಆ್ಯಂಡ್’ ಎನ್ನುತ್ತಾರೆ. ಕಚ್ಚಾಡಲು ಬಂದವರ ಹೆಸರನ್ನು ಮದುವೆ ಕಾಗದ ಓದಿದ ಹಾಗೆ ಓದುತ್ತಾರೆ. ಪಿನ್‌ಪಾಯಿಂಟ್ ಎಂದರೆ, ತೀರ್ಪಿನಲ್ಲಿ ಎಲ್ಲೋ ಹೀಗೆ ಹೇಳಿದ್ದಾರೆ ಎಂದು ಕೈಬೀಸದೆ, ಇಷ್ಟನೇ ಪ್ಯಾರಾದಲ್ಲಿ ಹೇಳಿದ್ದಾರೆ ಎಂದು ಬೆರಳಿಡುವುದು. ಬೈಂಡಿಂಗ್ ಎಂದರೆ ಕೆಳಗಿನ ಕೋರ್ಟು ಒಪ್ಪಲೇಬೇಕಾದ ತೀರ್ಪು. ಪರ್ಸ್ವೇಸಿವ್ ಎಂದರೆ ಒಪ್ಪಿದರೂ ಸರಿ, ಬಿಟ್ಟರೂ ಸರಿ. ಇದನ್ನು ನನ್ನ ಹೆಂಡತಿ ಶಶಿಕಲಾಳಿಗೆ ವಿವರಿಸಿದಾಗ ಅವಳು ಬೇಗ ಹಿಡಿದುಕೊಂಡಳು. “ನಿಮ್ಮಮ್ಮ ಹೇಳಿದ್ದು ಬೈಂಡಿಂಗ್. ಕಳಸದ ನಿಮ್ಮ ಚಿಕ್ಕಮ್ಮ ಹೇಳಿದ್ದು ಪರ್ಸ್ವೇಸಿವ್. ನಾನು ಹೇಳಿದ್ದಕ್ಕೆ ಆ ಪಟ್ಟಿಯಲ್ಲಿ ಏನಾದ್ರೂ ಹೆಸರಿದ್ಯಾ?” ಎಂದಳು. ತೀರ್ಪು ನಿಂತಿರುವ ಮುಖ್ಯ ಕಾರಣಕ್ಕೆ ರೇಶಿಯೊ ಎಂದೂ, ನ್ಯಾಯಾಧೀಶರು ಹೋಗುತ್ತಾ ಹೋಗುತ್ತಾ ಆಡಿದ ಮಾತಿಗೆ ಓಬಿಟರ್ ಎಂದೂ ಹೆಸರು ಎಂದೆ. “ಹಾಗಾದ್ರೆ ನೀವು ಮನೇಲಿ ಮಾತಾಡೋದೆಲ್ಲ ಎರಡನೇದು,” ಎಂದು ಒಗ್ಗರಣೆಗೆ ಹೋದಳು.

ಪಟ್ಟಿಯಲ್ಲಿ ನನಗೆ ಬಹಳ ಹಿಡಿಸಿದ ಮಾತು ನೋಟಿಂಗ್ ಅಪ್. ಒಂದು ತೀರ್ಪನ್ನು ನಂಬಿ ಬರೆಯುವ ಮೊದಲು ಅದು ಈಗಲೂ ನಿಂತಿದೆಯೇ, ಮೇಲಿನ ಕೋರ್ಟು ತಳ್ಳಿಹಾಕಿದೆಯೇ, ಆಮೇಲೆ ಬಂದ ನ್ಯಾಯಾಧೀಶರು ಒಪ್ಪಿದ್ದಾರೆಯೇ ಎಂದು ಒಂದೊಂದಾಗಿ ನೋಡುವುದು. ಕೊನೆಯ ಸಾಲಿನಲ್ಲಿ ಹಲ್ಯೂಸಿನೇಷನ್ ಎಂಬ ಮಾತಿತ್ತು: ಕೃತಕ ಬುದ್ಧಿಮತ್ತೆಯ ಯಂತ್ರ, ಇಲ್ಲದ ತೀರ್ಪನ್ನು ಹೆಸರು, ವರ್ಷ, ಪ್ಯಾರಾ ಸಮೇತ ಇದೆ ಎಂದು ಹೇಳುವುದು. ಈ ಕಾಟಕ್ಕೆ ಅಲ್ಲಿನ ಕೆಲವು ಕೋರ್ಟುಗಳಲ್ಲಿ ವಕೀಲರು, ನಾವು ಹೆಸರಿಸಿದ ತೀರ್ಪುಗಳೆಲ್ಲ ನಿಜವಾಗಿ ಇವೆ ಎಂದು ಬರೆದು ಸಹಿ ಹಾಕಬೇಕಂತೆ. ಓದಿ ನಾನು ನಕ್ಕಿದ್ದೆ. ಎಂಥ ಜನ, ಇರುವುದನ್ನು ಇದೆ ಎಂದು ಸಹಿ ಹಾಕಬೇಕಾಗಿ ಬಂತಲ್ಲ ಎಂದು.

ಇಷ್ಟೆಲ್ಲ ತಿಳಿದ ಮೇಲೆ ಸುಮ್ಮನಿರಲಾದೀತೇ. ನಮ್ಮ ವಕೀಲರ ಸಂಘದವರು ಕೇಳಿದರು ಎಂದು ಬರೆದರೆ ಸುಳ್ಳಾಗುತ್ತದೆ. ಕೇಳುವ ಹಾಗೆ ನಾನೇ ಮಾಡಿದೆ. ಒಂದು ಶನಿವಾರ ಮಧ್ಯಾಹ್ನ ಮೂವತ್ತು ಜನರ ಮುಂದೆ ನಿಂತು ಆ ಎರಡು ಹಾಳೆಯನ್ನು ಬಿಡಿಸಿ ಹೇಳಿದೆ. ತಿರುಳು ತೆಗೆದು ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು ನಾವು ಮೂಟೆ ಕಟ್ಟುವ ಮೊದಲು ಪೂರ್ತಿ ಒಣಗಿದೆಯೇ ಎಂದು ಒಂದು ಬೀಜ ಹಲ್ಲಿನಲ್ಲಿ ಕಚ್ಚಿ ನೋಡುವುದಿಲ್ಲವೇ, ನೋಟಿಂಗ್ ಅಪ್ ಎಂದರೆ ಅಷ್ಟೇ, ಕಚ್ಚದೆ ಮೂಟೆ ಕಟ್ಟಬೇಡಿ ಎಂದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಸುಮಿತ್ರಾ ಮೇಡಂ ಕೂತಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವರು, ಮಾತು ಕಡಿಮೆ. ಅವರೊಬ್ಬರೇ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ನನ್ನ ಮಾತನ್ನು ಬರೆದುಕೊಳ್ಳುವವರೂ ಇದ್ದಾರಲ್ಲ ಎಂದು ನಾನು ಅವರ ಕಡೆಗೇ ತಿರುಗಿ ಇನ್ನಷ್ಟು ನಿಧಾನವಾಗಿ ಹೇಳಿದೆ.

ಇನ್ನು ಗಿರಿಜಮ್ಮನ ವಿಷಯ. ಗಿರಿಜಮ್ಮನ ಮನೆ ಬಣಕಲ್‌ನಿಂದ ಸ್ವಲ್ಪ ದೂರ, ರಸ್ತೆಯ ಬದಿಗೆ. ಅವರ ಒಂದೂವರೆ ಎಕರೆ ಕಾಫಿ ಮಾತ್ರ ಗುಡ್ಡದ ಮೇಲೆ. ಗಂಡನಿಗೆ ಸರ್ಕಾರದಿಂದ ದರಖಾಸ್ತಿನಲ್ಲಿ ಮಂಜೂರಾದ ಜಮೀನು. ಮನೆಗೂ ಜಮೀನಿಗೂ ನಡುವೆ ಒಂದು ಎಸ್ಟೇಟು. ಅದರೊಳಗಿನ ಜೀಪು ದಾರಿಯಲ್ಲೇ ಅವರು ಮೂವತ್ತು ವರ್ಷ ಓಡಾಡಿದ್ದು. ಗಂಡ ತೀರಿಕೊಂಡ ಮೇಲೂ ಯಾರೂ ಏನೂ ಅಂದಿರಲಿಲ್ಲ. ಎಸ್ಟೇಟು ಕೈ ಬದಲಾಯಿತು. ಹೊಸ ಮಾಲೀಕರು ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿದರು. ಇನ್ನೊಂದು ದಾರಿ ಇದೆ, ಹಳ್ಳ ಸುತ್ತಿಕೊಂಡು. ಅದರಲ್ಲಿ ಜೀಪು ಹೋಗದು, ತಲೆಹೊರೆಯೇ ಗತಿ. ಕಾಫಿ ಹಣ್ಣು ಕಾಯುವ ವಸ್ತುವಲ್ಲ. ಕೊಯ್ದ ದಿನವೇ ಕಣಕ್ಕೆ ಬರಬೇಕು, ಚೀಲದಲ್ಲೇ ಉಳಿದರೆ ಬಿಸಿಯೇರಿ ಹುಳಿಯಾಗುತ್ತದೆ. ಕೊಯ್ಯದೆ ಬಿಟ್ಟರೆ ಉದುರುತ್ತದೆ. ಆದ್ದರಿಂದ ಕೊಯ್ಲು ಮುಗಿಯುವವರೆಗಾದರೂ ಗೇಟು ತೆಗೆಸಿ ಎಂದು ಮಧ್ಯಂತರ ಅರ್ಜಿ ಹಾಕಿದ್ದೆವು. ಕೇಸು ಗಟ್ಟಿಯಾಗಿತ್ತು. ಸರ್ವೆ ನಕ್ಷೆಯಲ್ಲಿ ಆ ದಾರಿ ಚುಕ್ಕಿಚುಕ್ಕಿಯಾಗಿ ಇತ್ತು. ಹಳೆಯ ಮಾಲೀಕರ ಕಾಲದಲ್ಲಿ ಎಸ್ಟೇಟಿನ ಲೆಕ್ಕ, ಆಳುಗಳ ಹಾಜರಿ ನೋಡುತ್ತಿದ್ದ ರೈಟರ್ ಲೋಕಪ್ಪನವರು, ಗಿರಿಜಮ್ಮನವರು ಇದೇ ದಾರಿಯಲ್ಲಿ ಹಣ್ಣು ತರುತ್ತಿದ್ದರು ಎಂದು ಪ್ರಮಾಣಪತ್ರ ಕೊಟ್ಟಿದ್ದರು. ಬೇರೇನೂ ಬೇಕಾಗಿರಲಿಲ್ಲ.

ನನಗೆ ಬೇಕಾಗಿತ್ತು. ಎದುರಿಗೆ ಎಸ್ಟೇಟಿನವರ ಪರ ಸುಮಿತ್ರಾ ಮೇಡಂ, ಮೇಲೆ ಹೊಸದಾಗಿ ವರ್ಗವಾಗಿ ಬಂದ ಯುವ ನ್ಯಾಯಾಧೀಶರು. ಬಣಕಲ್‌ನಲ್ಲಿ ಕೂತವನೊಬ್ಬ ಕೆನಡಾದ ತೀರ್ಪು ಎತ್ತಿ ತೋರಿಸಿದರೆ ಹೇಗಿರುತ್ತದೆ ಎಂಬ ಆಸೆ. ಲಿಖಿತ ವಾದ ಬರೆಯಬೇಕಿದ್ದ ದಿನ ಬೆಳಿಗ್ಗೆ ಒಂಬತ್ತರಿಂದ ಒಂದು ಗಂಟೆಯವರೆಗೆ ಸದಾನಂದನ ಕೆಲಸಕ್ಕಾಗಿ ಮೂರು ತೀರ್ಪುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮೂರನ್ನೂ ನೋಟ್ ಅಪ್ ಮಾಡಿ, ಒಂದನ್ನು ಮೇಲಿನ ಕೋರ್ಟು ಅರ್ಧ ಒಪ್ಪಿಲ್ಲ ಎಂದು ಕಂಡುಹಿಡಿದು ಹೆಮ್ಮೆಪಟ್ಟಿದ್ದೆ. ಊಟವಾಯಿತು. ಎರಡೂ ಕಾಲು ಗಂಟೆಗೆ ಗಿರಿಜಮ್ಮನ ಫೈಲು ತೆಗೆದೆ. ಕಂಪ್ಯೂಟರಿನಲ್ಲಿ ಆ ಕೃತಕ ಬುದ್ಧಿಮತ್ತೆಯ ಯಂತ್ರವನ್ನೇ ಕೇಳಿದೆ: ವಿಧವೆಯೊಬ್ಬಳ ಗುಡ್ಡದ ಜಮೀನಿಗೆ ಹೋಗುವ ದಾರಿಗೆ ನೆರೆಯವರು ಗೇಟು ಹಾಕಿದಾಗ ಅವಳಿಗೆ ದಾರಿ ಕೊಟ್ಟ ಕೆನಡಾದ ತೀರ್ಪು ಇದೆಯೇ? ನನಗೆ ಏನು ಬೇಕೋ ಅದನ್ನೇ ಪ್ರಶ್ನೆಯೊಳಗೆ ಇಟ್ಟು ಕೇಳಿದ್ದೆ. ಅದು ಒಂದು ಕ್ಷಣವೂ ಯೋಚಿಸದೆ ಕೊಟ್ಟಿತು. ಮಾರ್ಥಾ ಎಂಬ ವಿಧವೆ. ಗುಡ್ಡದ ಮೇಲೆ ಮೇಪಲ್ ಮರಗಳು. ನಲವತ್ತು ವರ್ಷ ಅದೇ ದಾರಿಯಲ್ಲಿ ಮರದ ಸಿಹಿರಸ ಇಳಿಸಿ ತರುತ್ತಿದ್ದಳು. ನೆರೆಯವನು ಮುಚ್ಚಿದ, ಕೋರ್ಟು ತೆರೆಸಿತು. ಇಪ್ಪತ್ತೇಳನೇ ಪ್ಯಾರಾದಲ್ಲಿ ಎಂಥ ಮಾತು ಎಂದರೆ, ಕಾಲಿನಿಂದ ಬರೆದ ಹಕ್ಕನ್ನು ಬೀಗದಿಂದ ಅಳಿಸಲಾಗದು ಎಂದು. ಓದಿ ನನ್ನ ಕಣ್ಣು ಒದ್ದೆಯಾಯಿತು. ಕಣ್ಣು ಒದ್ದೆ ಮಾಡುವ ತೀರ್ಪನ್ನು ಮೂವತ್ತೊಂದು ವರ್ಷದಲ್ಲಿ ನಾನು ಒಂದೂ ನೋಡಿರಲಿಲ್ಲ. ಅನುಮಾನ ಬರಲು ಅಷ್ಟೇ ಸಾಕಾಗಿತ್ತು. ಬರಲಿಲ್ಲ. ಮೂಲ ತೀರ್ಪನ್ನು ತೆರೆದು ನೋಡಲಿಲ್ಲ. ಎರಡೂ ಮುಕ್ಕಾಲಿಗೆ ಲಿಖಿತ ವಾದ ಮುಗಿಸಿ, ಒಂದು ಸಣ್ಣ ನಿದ್ದೆ ಮಾಡಿದೆ.

ಇಲ್ಲಿಗೇ ನಿಲ್ಲಿಸಿದ್ದರೆ ತಪ್ಪನ್ನು ಯಂತ್ರದ ತಲೆಗೆ ಕಟ್ಟಬಹುದಿತ್ತು. ಸಂಜೆ ಗಿರಿಜಮ್ಮ ಸಹಿ ಹಾಕಲು ಬಂದರು. ಬಂದವರನ್ನು ಕೂರಿಸಿ ನಾನು ಮಾರ್ಥಾಳ ಕಥೆ ಹೇಳಿದೆ.

“ಮರದಿಂದ ಸಿಹಿ ಇಳಿಸೋದಾ? ನಮ್ಮ ಬಗನಿ ಮರದ ಹಾಗನಾ?” ಎಂದರು ಗಿರಿಜಮ್ಮ.

“ಹೆಚ್ಚುಕಡಿಮೆ ಹಾಗೇ.”

“ಅದನ್ನ ತಲೆ ಮೇಲೇ ಹೊತ್ಕೊಂಡು ಬರ್ತಿದ್ಲಾ ಅವ್ಳು?”

“ಹೌದು,” ಎಂದೆ. ಹಾಗೆಂದು ಯಂತ್ರ ಹೇಳಿರಲಿಲ್ಲ.

“ಅವ್ಳ ಗೇಟೂ ಕಬ್ಬಿಣದ್ದೇನ?”

“ಕಬ್ಬಿಣದ್ದೇ.” ಅದನ್ನೂ ಹೇಳಿರಲಿಲ್ಲ. ನಾನೇ ಬೀಗವನ್ನೂ ಸೇರಿಸಿದೆ. ಅಷ್ಟು ಹೊತ್ತಿಗೆ ನನಗೆ ಆ ಗೇಟು ಕಣ್ಣಿಗೆ ಕಾಣತೊಡಗಿತ್ತು.

“ಅಷ್ಟು ದೂರದಲ್ಲೂ ಇದೇ ಗೋಳು ನೋಡಿ,” ಎಂದರು ಗಿರಿಜಮ್ಮ. ಹೋಗುವಾಗ ಬಂದಾಗಿನದಕ್ಕಿಂತ ನೆಟ್ಟಗೆ ನಡೆಯುತ್ತಿದ್ದರು. ಅದನ್ನು ನಾನು ಜಗಲಿಯಲ್ಲಿ ನಿಂತು ನೋಡಿದೆ, ಸಂತೋಷವನ್ನೂ ಪಟ್ಟೆ.

ಈಗ ಮಂಗಳವಾರಕ್ಕೆ ಬರುತ್ತೇನೆ. ನನ್ನ ವಾದ ಮುಗಿದಿತ್ತು. ಇಪ್ಪತ್ತೇಳನೇ ಪ್ಯಾರಾವನ್ನು ಎರಡು ಸಲ ಓದಿದ್ದೆ. ಸುಮಿತ್ರಾ ಮೇಡಂ ಎದ್ದು ನಿಂತರು. ದನಿ ಏರಿಸಲಿಲ್ಲ, ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

“ಸ್ವಾಮಿ, ನಮ್ಮ ಹಿರಿಯ ಮಿತ್ರರು ಸಂಘದಲ್ಲಿ ನೋಟಿಂಗ್ ಅಪ್ ಬಗ್ಗೆ ಬಹಳ ಚೆನ್ನಾಗಿ ಹೇಳಿಕೊಟ್ಟಿದ್ರು. ನಾನು ಅದೇ ರೀತಿ ಮಾಡಿ ನೋಡ್ದೆ. ಈ ಸಂಖ್ಯೆಯ ತೀರ್ಪು ಇದೆ. ಆದ್ರೆ ಅದು ಮೀನಿನ ದೋಣಿಯ ವಿಮೆ ಕುರಿತದ್ದು. ಒಟ್ಟು ಹತ್ತೊಂಬತ್ತು ಪ್ಯಾರಾ. ಇಪ್ಪತ್ತೇಳನೇದು ಇಲ್ಲ. ಮಾರ್ಥಾ ಅನ್ನೋರ ಕೇಸು ಎಷ್ಟು ಹುಡುಕಿದ್ರೂ ಸಿಗಲಿಲ್ಲ. ನನ್ನ ಹುಡುಕಾಟದಲ್ಲೇ ದೋಷ ಇರಬಹುದು.”

ಕೊನೆಯ ವಾಕ್ಯವನ್ನು ಅವರು ನಿಜವಾಗಿಯೂ ಮರ್ಯಾದೆಗೆ ಹೇಳಿದರು. ನ್ಯಾಯಾಧೀಶರು ನನ್ನ ಕಡೆ ನೋಡಿದರು.

“ಏನ್ ವಕೀಲ್ರೇ, ಈ ತೀರ್ಪು ನೀವು ಓದಿದ್ದೀರಾ?”

ಆಗಲೇ ಹನ್ನೊಂದು ಹದಿನಾರು. ಫ್ಯಾನು ತಿರುಗುತ್ತಿತ್ತು. ನಾನು ಮೊದಲು ಹೇಳಿದ್ದು, “ಅದು ಪರ್ಸ್ವೇಸಿವ್ ಮಾತ್ರ ಸ್ವಾಮಿ, ಬೈಂಡಿಂಗ್ ಅಲ್ಲ,” ಎಂದು. ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ಹೇಳುವಾಗಲೇ ನನಗೆ ಗೊತ್ತಿತ್ತು.

“ಇಲ್ಲದ ತೀರ್ಪು ಬೈಂಡಿಂಗೋ ಪರ್ಸ್ವೇಸಿವ್ವೋ ಅಂತ ನಾನು ಕೇಳ್ಲಿಲ್ಲ. ನೀವು ಓದಿದ್ದೀರಾ?”

“ಓದಿಲ್ಲ ಸ್ವಾಮಿ.”

“ಎಲ್ಲಿಂದ ಬಂತು?”

“ಕಂಪ್ಯೂಟರಿನಲ್ಲಿ ಕೇಳ್ದೆ. ಅದು ಕೊಟ್ಟಿತು. ನಾನು ನೋಡ್ಲಿಲ್ಲ.”

ಬೆಂಚ್ ಕ್ಲರ್ಕ್ ನಾಗರಾಜಪ್ಪನವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಅವರು ಕೆಲಸದ ಹೊತ್ತಿನಲ್ಲಿ ತಲೆಯೆತ್ತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನ್ಯಾಯಾಧೀಶರು ನನ್ನನ್ನು ಬೈಯಲಿಲ್ಲ. ನಕ್ಷೆಯನ್ನು ಕೈಗೆತ್ತಿಕೊಂಡು, “ಇದನ್ನೂ ನೀವೇ ಅಲ್ವಾ ಕೊಟ್ಟಿದ್ದು?” ಎಂದರು. ಆ ನಕ್ಷೆಯಲ್ಲಿ ಏನೂ ತಪ್ಪಿರಲಿಲ್ಲ. ಆದರೂ ಸರ್ವೆ ಕಚೇರಿಯಿಂದ ದೃಢೀಕೃತ ಪ್ರತಿ ಬರಲಿ, ರೈಟರ್ ಲೋಕಪ್ಪ ಖುದ್ದಾಗಿ ಹಾಜರಾಗಲಿ, ವಕೀಲರು ಹೆಸರಿಸಿದ ಪ್ರತಿಯೊಂದು ತೀರ್ಪಿನ ಪೂರ್ತಿ ಪ್ರತಿಯೂ ಬರಲಿ ಎಂದು ಮೂರು ವಾರ ಮುಂದಕ್ಕೆ ಹಾಕಿದರು. ಮೂರು ವಾರ ಎಂದರೆ ಮೊದಲ ಕೊಯ್ಲು ಪೂರ್ತಿ.

ಗಿರಿಜಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅದರಲ್ಲಿ ಎಷ್ಟು ಅರ್ಥವಾಗಿತ್ತೋ ಗೊತ್ತಿಲ್ಲ. ಹೊರಗೆ ಬಂದು, “ಎಂತಾಯ್ತು ವಕೀಲ್ರೇ?” ಎಂದರು. “ಮುಂದಕ್ಕೆ ಹೋಯ್ತು,” ಎಂದೆ. ಯಾರು ಮುಂದಕ್ಕೆ ತಳ್ಳಿದರು ಎಂಬುದು ಆ ಮಾತಿನಲ್ಲಿ ಇರುವುದಿಲ್ಲ; ವಕೀಲರು ಅದನ್ನು ಇಷ್ಟಪಡುವುದೇ ಅದಕ್ಕೆ. ಗಿರಿಜಮ್ಮ ಬಸ್ಸಿಗೆ ಹೋದರು. ನಾನು ಅರ್ಧ ಗಂಟೆ ತಡೆದು, ಅವರು ಹತ್ತದ ಬಸ್ಸು ಹತ್ತಿದೆ.

ಮನೆಯಲ್ಲಿ ಶಶಿಕಲಾಳಿಗೆ ಹೇಳಿದೆ. ಅವಳು ಕೊತ್ತಂಬರಿ ಬಿಡಿಸುತ್ತಾ ಕೇಳಿದಳು. ಯಂತ್ರ ಎಷ್ಟು ನಂಬಿಕೆ ಹುಟ್ಟಿಸುವ ಹಾಗೆ ಬರೆಯುತ್ತದೆ ಎಂದು ನಾನು ವಿವರಿಸಿದೆ. ದೊಡ್ಡ ದೊಡ್ಡ ಊರಿನ ವಕೀಲರೂ ಹೀಗೆ ಬಿದ್ದಿದ್ದಾರೆ ಎಂದೆ. ಅವಳು ತಲೆಯೆತ್ತದೆ, “ಸದಾನಂದನಿಗೆ ಕಳಿಸಿದ್ರಲ್ಲಿ ಹೀಗೆ ಯಾವತ್ತಾದ್ರೂ ಆಗಿತ್ತಾ?” ಎಂದಳು.

“ಇಲ್ಲ. ಅದನ್ನ ನೋಡಿಯೇ ಕಳಿಸ್ತೀನಿ.”

“ಅದೇ ಮತ್ತೆ. ಕೆನಡಾದವ್ರಿಗೆ ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು. ಗಿರಿಜಮ್ಮಂಗೆ ಊಟ ಆದ್ಮೇಲೆ ಅರ್ಧ ಗಂಟೆ. ಯಂತ್ರ ಎರಡು ಕಡೇನೂ ಒಂದೇ ಅಲ್ವಾ?”

ನನ್ನ ವೃತ್ತಿಯಲ್ಲಿ ಇಷ್ಟು ಚೊಕ್ಕವಾದ ಪಾಟೀಸವಾಲು ನಾನು ಎದುರಿಸಿಲ್ಲ. ಇಲ್ಲಿ ಯಾರು ತೆಗೆದು ನೋಡುತ್ತಾರೆ ಎಂದು ನಾನು ಎಂದೂ ಬಾಯಿಬಿಟ್ಟು ಹೇಳಿಕೊಂಡವನಲ್ಲ. ಆದರೆ ಆ ದಿನ ಎರಡೂ ಕಾಲಿನಿಂದ ಎರಡೂ ಮುಕ್ಕಾಲಿನವರೆಗೆ ನಾನು ನಡೆದುಕೊಂಡದ್ದು ಅದೇ ಮಾತಿನಂತೆ. ದೂರದವರು ಪರೀಕ್ಷೆ ಮಾಡುತ್ತಾರೆ ಎಂದು ಜಾಗ್ರತೆ. ಹತ್ತಿರದವರು ನಂಬುತ್ತಾರೆ ಎಂದು ಅಸಡ್ಡೆ. ಇದಕ್ಕೆ ಸದಾನಂದನ ಪಟ್ಟಿಯಲ್ಲಿ ಹೆಸರಿರಲಿಲ್ಲ.

ಗಿರಿಜಮ್ಮನಿಗೆ ಹೇಳಬೇಕು ಎಂದುಕೊಂಡು ಐದು ದಿನ ಕಳೆದೆ. ಬುಧವಾರ ತಲೆನೋವಿತ್ತು. ಗುರುವಾರ ಇರಲಿಲ್ಲ, ಆದರೂ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಹೋದೆ. ಅವರು ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಹಿಂದಿನ ದಿನ ಹೊತ್ತು ತಂದ ಹಣ್ಣನ್ನು ಹರವುತ್ತಿದ್ದರು. ಹಣ್ಣಿನಲ್ಲಿ ಮಣ್ಣು, ಎಲೆ ಇತ್ತು. ಅರ್ಧ ನೆಲದಿಂದ ಹೆಕ್ಕಿದ್ದು ಎಂದು ನೋಡಿದರೆ ತಿಳಿಯುತ್ತಿತ್ತು. ಕೂರಲು ಮಣೆ ಕೊಟ್ಟರು. ಕಾಫಿ ಕೊಟ್ಟರು. ಕಾಫಿ ಮುಗಿಯುವವರೆಗೆ ನಾನು ಹವಾಮಾನದ ಬಗ್ಗೆ ಮಾತಾಡಿದೆ.

“ಗಿರಿಜಮ್ಮ, ಆ ಮಾರ್ಥಾ ಅಂತ ಹೇಳಿದ್ನಲ್ಲ.”

“ಹ್ಞಾಂ. ಏನಾಯ್ತು? ಸತ್ತುಹೋದ್ಲಾ?”

“ಇಲ್ಲ. ಅವಳು ಇರಲೇ ಇಲ್ಲ.”

ಹಣ್ಣು ಹರವುತ್ತಿದ್ದ ಕೈ ನಿಂತಿತು. “ಇರಲೇ ಇಲ್ಲ ಅಂದ್ರೆ?”

ನಾನು ಹೇಳಿದೆ. ಯಂತ್ರ ಕಟ್ಟಿದ ಕಥೆ, ಊಟವಾದ ಮೇಲೆ ಅರ್ಧ ಗಂಟೆಯಲ್ಲಿ ಬರೆದು ನಾನು ತೆರೆದು ನೋಡದೆ ಕೋರ್ಟಿಗೆ ಕೊಟ್ಟದ್ದು, ಮೇಡಂ ಹಿಡಿದದ್ದು, ಮೂರು ವಾರ ಮುಂದಕ್ಕೆ ಹೋದದ್ದು ನನ್ನಿಂದ ಎಂಬುದು, ಎಲ್ಲವನ್ನೂ ನಡೆದ ಕ್ರಮದಲ್ಲೇ.

“ಆ ಕಬ್ಬಿಣದ ಗೇಟು?”

“ಅದು ಯಂತ್ರ ಹೇಳಿದ್ದೂ ಅಲ್ಲ. ನಾನೇ ಹಾಕಿದ್ದು.”

“ಬೀಗ?”

“ಬೀಗಾನೂ.”

ಗಿರಿಜಮ್ಮ ನಕ್ಕರು. ಸ್ವಲ್ಪ ಹೊತ್ತು. ಆಮೇಲೆ, “ಎಂಥ ಕೆಲ್ಸ ಮಾಡಿದ್ರಿ ಮಾರಾಯ್ರೇ,” ಎಂದರು. “ಹಳ್ಳ ಸುತ್ತಿ ಬರೋವಾಗ ದಿನಾ ಅವ್ಳನ್ನೇ ನೆನೀತಿದ್ದೆ. ಅವ್ಳಿಗೆ ಸಿಕ್ತಲ್ಲ, ನಂಗೂ ಸಿಗುತ್ತೆ ಅಂತ. ಅವ್ಳು ಹೊತ್ತಿದ್ದು ನೀರಾದ ಪದಾರ್ಥ, ಚೆಲ್ಲುತ್ತೆ. ನಂದು ಹಣ್ಣು, ಚೆಲ್ಲಿದ್ರೂ ಹೆಕ್ಕಬಹುದು, ನಂದೇ ವಾಸಿ ಅಂತ.”

ಅವರು ಮತ್ತೆ ಹಣ್ಣಿಗೆ ಕೈಹಾಕಿ, ತಲೆಯೆತ್ತದೆ ಕೇಳಿದರು: “ಅವ್ಳು ಸುಳ್ಳು ಅಂತ ಆಯ್ತಲ್ಲ. ಜಡ್ಜ್ ಸಾಹೇಬ್ರು ನನ್ನೂ ಸುಳ್ಳು ಅಂತ ತಿಳ್ಕೊಂಡ್ರಾ?”

ಕೋರ್ಟಿನಲ್ಲಿ ಆದದ್ದು ಅವಮಾನ. ನಾಚಿಕೆ ಎಂದರೇನು ಎಂದು ತಿಳಿದದ್ದು ಈ ಪ್ರಶ್ನೆಯಲ್ಲಿ. ಮೂವತ್ತು ವರ್ಷ ನಡೆದ ನಿಜವಾದ ದಾರಿಯೊಂದನ್ನು ನಾನು ಇಲ್ಲದ ಹೆಂಗಸಿನ ಪಕ್ಕದಲ್ಲಿ ತಂದು ನಿಲ್ಲಿಸಿದ್ದೆ. ಅನುಮಾನ ಒಬ್ಬಳಿಂದ ಇನ್ನೊಬ್ಬಳಿಗೆ ಹರಿಯದೆ ಇರುತ್ತದೆಯೇ. “ಸ್ವಲ್ಪ ಅನುಮಾನ ಬಂದಿರಬಹುದು,” ಎಂದೆ. ಅದಕ್ಕಿಂತ ಹೆಚ್ಚೂ ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ.

“ನೀವು ನನ್ನ ದಾರಿ ನೋಡಿದ್ದೀರಾ?” ಎಂದರು.

“ನಕ್ಷೆಯಲ್ಲಿ ನೋಡಿದ್ದೀನಿ.”

“ಏಳಿ.”

ಗಿರಿಜಮ್ಮ ಮುಂದೆ, ನಾನು ಹಿಂದೆ. ಹಳ್ಳ ಸುತ್ತುವ ದಾರಿಯಲ್ಲಿ ಮೇಲೆ ಹೋದೆವು. ಬರುವಾಗ ಅರ್ಧ ಚೀಲ ಹಣ್ಣನ್ನು, ಕೇಳದೆ, ನನ್ನ ತಲೆಯ ಮೇಲಿಟ್ಟರು. ನಾನು ಎರಡು ಸಲ ಜಾರಿದೆ. ಒಂದು ಸಲ ಕೂತೇಬಿಟ್ಟೆ. “ಬೆನ್ನು ನೆಟ್ಟಗಿಡಿ. ಅದೇನು ಕೋರ್ಟಲ್ಲಿ ನಿಂತ ಹಾಗೆ ಬಗ್ಗಿಕೊಂಡು,” ಎಂದರು. ಹಳ್ಳ ದಾಟಲು ನಾಲ್ಕು ಕಲ್ಲುಗಳಿದ್ದವು; ಮೂರನೆಯದು ಅಲುಗಾಡುತ್ತಿತ್ತು. ಅಲ್ಲಿ ನಿಂತು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡೆ. ಆಮೇಲೆ ಗೇಟಿನ ಬಳಿಗೂ ಹೋದೆವು. ಗೇಟಿನಾಚೆ ಜೀಪಿನ ಎರಡು ಚಕ್ರದ ಗುರುತು ಹುಲ್ಲಿನ ನಡುವೆ ಇನ್ನೂ ಕಾಣುತ್ತಿತ್ತು. ದಾರಿಯ ಬದಿಯ ಓಕ್ ಮರಗಳ ಕಾಂಡದಲ್ಲಿ, ಚೀಲ ಉಜ್ಜಿ ಉಜ್ಜಿ ಸೊಂಟದೆತ್ತರಕ್ಕೆ ನುಣುಪಾದ ತೊಗಟೆ. ಇದು ನನ್ನ ಯಾವ ಪುಟದಲ್ಲೂ ಇರಲಿಲ್ಲ. ಹೊರಗಿನಿಂದ ಎಷ್ಟು ಕಾಣುತ್ತದೋ ಅಷ್ಟನ್ನು ಬರೆದುಕೊಂಡು, ಕಾಣದ್ದನ್ನು ಬಿಟ್ಟೆ.

ಮೂರು ವಾರದ ನಂತರ ನಕ್ಷೆಯ ದೃಢೀಕೃತ ಪ್ರತಿ ಬಂತು. ಲೋಕಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಕೇಳಿದಷ್ಟಕ್ಕೆ ಉತ್ತರ ಹೇಳಿದರು. ನಾನು ಎದ್ದು, ನಡೆದು ನೋಡಿದ್ದನ್ನು ಹೇಳಿದೆ, ಓದಿದ ಎರಡು ತೀರ್ಪುಗಳನ್ನು ಕೊಟ್ಟೆ, ಕೂತೆ. ಹನ್ನೆರಡು ನಿಮಿಷ. ಸುಮಿತ್ರಾ ಮೇಡಂ ತಮ್ಮ ಕಕ್ಷಿದಾರರ ಪರ ಹೇಳಬೇಕಾದ್ದನ್ನು ಹೇಳಿದರು. ನಕ್ಷೆಯ ಬಗ್ಗೆ ತಕರಾರಿಲ್ಲ ಎಂದೂ ಹೇಳಿದರು. ಕೇಸು ತೀರ್ಮಾನವಾಗುವವರೆಗೆ ಹಗಲಿನಲ್ಲಿ ಗೇಟು ತೆರೆದಿರಬೇಕು, ಜೀಪು ಬಿಡಬೇಕು ಎಂದು ಆದೇಶವಾಯಿತು. ಉಳಿದ ಹಣ್ಣು ಜೀಪಿನಲ್ಲಿ ಬಂತು. ಉದುರಿದ್ದು ಬರಲಿಲ್ಲ.

ಆ ಆದೇಶದ ಒಂಬತ್ತನೇ ಪ್ಯಾರಾದಲ್ಲಿ ನಾನಿದ್ದೇನೆ. ಅರ್ಜಿದಾರರ ವಕೀಲರು ಅಸ್ತಿತ್ವದಲ್ಲಿಲ್ಲದ ತೀರ್ಪೊಂದನ್ನು ಪರಿಶೀಲಿಸದೆ ಹಾಜರುಪಡಿಸಿದ್ದರು, ಒಪ್ಪಿಕೊಂಡಿದ್ದಾರೆ, ಅವರ ಕಕ್ಷಿದಾರರಿಗೆ ಅದರಿಂದ ವಿಳಂಬವಾಯಿತು ಎಂದು ಮೂರು ಸಾಲು. ಆದೇಶ ಕೋರ್ಟಿನ ಜಾಲತಾಣದಲ್ಲಿದೆ. ಯಾರು ಬೇಕಾದರೂ ತೆರೆಯಬಹುದು. ಸದಾನಂದನಿಗೆ ನಾನೇ ಎಲ್ಲವನ್ನೂ ಬರೆದು, ಇನ್ನು ಮುಂದೆ ಕೆಲಸ ಕಳಿಸುವುದು ಬಿಡುವುದು ನಿನ್ನ ಇಷ್ಟ ಎಂದೆ. ಅವನು ಎರಡು ದಿನ ಬಿಟ್ಟು ಉತ್ತರ ಬರೆದ: “ನಿನ್ನ ಆದೇಶವನ್ನು ನೋಟ್ ಅಪ್ ಮಾಡಿದೆ. ನಿಜವಾಗಿಯೂ ಇದೆ. ಒಂಬತ್ತನೇ ಪ್ಯಾರಾನೂ ಇದೆ. ಕೆಲಸ ಕಳಿಸ್ತೀನಿ, ಆದ್ರೆ ಇನ್ನು ಮೇಲೆ ಪ್ರತಿ ಟಿಪ್ಪಣಿಯ ಕೊನೆಗೂ ಸಹಿ ಹಾಕು ಮಾರಾಯ.” ಹಾಕುತ್ತಿದ್ದೇನೆ. ಗಿರಿಜಮ್ಮನ ಫೈಲಿನಲ್ಲಿ ಬರೆಯುವ ಪ್ರತಿ ಪುಟಕ್ಕೂ, ಯಾರೂ ಕೇಳದಿದ್ದರೂ, ಹಾಕುತ್ತಿದ್ದೇನೆ.

ನಾನು ಹೇಳಿದ್ದನ್ನು ನಂಬಬೇಕಾಗಿಲ್ಲ. ನಂಬಿಸುವ ಹಕ್ಕು ನನಗೆ ಸದ್ಯಕ್ಕೆ ಇಲ್ಲ. ಕಂಡವರು ಇದ್ದಾರೆ, ಕೇಳಬಹುದು. ಬೆಂಚ್ ಕ್ಲರ್ಕ್ ನಾಗರಾಜಪ್ಪನವರು, ಮುಂದಿನ ವರ್ಷ ನಿವೃತ್ತಿ, ಆರೋಗ್ಯವಾಗಿದ್ದಾರೆ. ಸುಮಿತ್ರಾ ಮೇಡಂ ಇದ್ದಾರೆ. ಈಚೆಗೆ ಸಂಘದಲ್ಲಿ ನೋಟಿಂಗ್ ಅಪ್ ಬಗ್ಗೆ ಅವರೇ ಮಾತಾಡಿದರು, ಉದಾಹರಣೆ ಕೊಡುವಾಗ ನನ್ನ ಹೆಸರು ಹೇಳಲಿಲ್ಲ, ಎಲ್ಲರೂ ನನ್ನ ಕಡೆ ನೋಡಿದರು. ಇನ್ನು ಗಿರಿಜಮ್ಮ. ಹಿಂದಿನ ಬೆಂಚಿನಿಂದ ನೋಡಿದವರೂ ಅವರೇ, ಅಂಗಳದಲ್ಲಿ ಕೇಳಿದವರೂ ಅವರೇ. ಬಣಕಲ್ ಸಂತೆಯಲ್ಲಿ ಯಾರಾದರೂ ಈ ವಿಷಯ ಎತ್ತಿದರೆ, “ಪಾಪ, ನಮ್ಮ ವಕೀಲ್ರಿಗೆ ಅವತ್ತು ಊಟ ಆಗಿ ಕಣ್ಣು ಎಳೀತಿತ್ತು,” ಎಂದು ನನ್ನ ಪರವಾಗಿಯೇ ವಾದಿಸುತ್ತಾರಂತೆ. ಮೂವತ್ತೊಂದು ವರ್ಷ ಬೇರೆಯವರ ಪರವಾಗಿ ಮಾತಾಡಿದವನಿಗೆ, ಕೇಳಲು ಅತ್ಯಂತ ಕಷ್ಟವಾಗಿರುವುದು ಅದೊಂದೇ.